ಒಂದೇ ದಿನ ಇದ್ದರೆ ಡಿಸ್ನಿಲ್ಯಾಂಡಾ, ಕ್ಯಾಲಿಫೋರ್ನಿಯಾ ಅಡ್ವೆಂಚರಾ?

ಬೇಸಿಗೆ ಬಂತು ಅಂದರೆ ಊರಿಂದ ಅಪ್ಪ-ಅಮ್ಮ, ಅತ್ತೆ-ಮಾವ ಕ್ಯಾಲಿಫೋರ್ನಿಯಾಕ್ಕೆ ಬಂದಿಳಿಯುತ್ತಾರೆ. ಅವರನ್ನೂ ಮಕ್ಕಳನ್ನೂ ಕೂಡಿಸಿಕೊಂಡು ಒಂದು ದಿನ ಅನಹೈಮ್‌ಗೆ ಹೋಗಿ ಬರೋಣ ಅಂತ ಮಾತಾಗುತ್ತದೆ. ಇರ್ವೈನ್‌ನವರಿಗೆ ಅದು ಪಕ್ಕದೂರು, ಸ್ಯಾನ್ ಡಿಯೇಗೊದವರಿಗೆ ಹೆಚ್ಚುಕಮ್ಮಿ ಎರಡು ಗಂಟೆಯ ದಾರಿ, ಬೇ ಏರಿಯಾದವರಿಗೆ ಐ-5 ಹಿಡಿದರೆ ಆರು ಗಂಟೆ. ಟಿಕೆಟ್ ತೆಗೆಯಲು ಕೂತಾಗಲೇ ಎಷ್ಟೋ ಜನಕ್ಕೆ ಗೊತ್ತಾಗುವುದು, ಅಲ್ಲಿರುವುದು ಒಂದಲ್ಲ, ಎರಡು ಪಾರ್ಕ್ ಅಂತ. ಒಂದು ಡಿಸ್ನಿಲ್ಯಾಂಡ್, ಇನ್ನೊಂದು ಡಿಸ್ನಿ ಕ್ಯಾಲಿಫೋರ್ನಿಯಾ ಅಡ್ವೆಂಚರ್. ಎರಡರ ಗೇಟುಗಳೂ ಎದುರುಬದುರು, ನಡುವೆ ಒಂದು ಅಂಗಳ ಅಷ್ಟೆ. (ಫ್ಲೋರಿಡಾದ ಡಿಸ್ನಿ ವರ್ಲ್ಡ್ ಬೇರೆಯೇ ಜಾಗ. ಊರಿನ ನೆಂಟರು ಎರಡನ್ನೂ ಒಂದೇ ಅಂದುಕೊಂಡಿರುತ್ತಾರೆ, ಮೊದಲೇ ಹೇಳಿಬಿಡಿ.)

ಗೇಟು ಎದುರುಬದುರು ಇರುವುದೇ ಎಲ್ಲರನ್ನೂ ದಾರಿ ತಪ್ಪಿಸುವುದು. "ಇಷ್ಟು ಹತ್ತಿರ ಇದೆಯಲ್ಲ, ಎರಡೂ ನೋಡಿಬಿಡೋಣ" ಅಂತ ಪಾರ್ಕ್ ಹಾಪರ್ ಟಿಕೆಟ್ ತೆಗೆಯುತ್ತಾರೆ. ದಯವಿಟ್ಟು ಬೇಡ. ಒಬ್ಬರ ಒಂದು ದಿನದ ಟಿಕೆಟ್ ಅತಿ ಅಗ್ಗದ ದಿನಗಳಲ್ಲಿ 104 ಡಾಲರ್, ರಜಾ ದಿನಗಳಲ್ಲಿ 200 ದಾಟುತ್ತದೆ. ಹಾಪರ್ ಅಂದರೆ ಅದರ ಮೇಲೆ ಇನ್ನಷ್ಟು. ಗೇಟಿಂದ ಗೇಟಿಗೆ ಎರಡು ನಿಮಿಷ ನಿಜ, ಆದರೆ ರೈಡುಗಳು ಗೇಟಿನಲ್ಲಿ ಇಲ್ಲ. ಡಿಸ್ನಿಲ್ಯಾಂಡಿನ ಹಿಂಬದಿಯ ಸ್ಟಾರ್ ವಾರ್ಸ್ ಲ್ಯಾಂಡಿನಿಂದ ಆ ಕಡೆಯ ಕಾರ್ಸ್ ಲ್ಯಾಂಡಿಗೆ ಹೋಗಲು, ಸ್ಟ್ರೋಲರ್ ತಳ್ಳಿಕೊಂಡು, ಅಜ್ಜಿಯ ನಡಿಗೆಗೆ ಹೆಜ್ಜೆ ಹೊಂದಿಸಿಕೊಂಡು ನಡೆದರೆ ಅರ್ಧ ಗಂಟೆ ಹೋಯಿತು. ಬಾತ್‌ರೂಮು, ನೀರು, ಐಸ್‌ಕ್ರೀಮಿನ ಹಟ ಸೇರಿಸಿದರೆ ಮುಕ್ಕಾಲು ಗಂಟೆ. ಒಂದು ಪಾರ್ಕಿನ ಟಿಕೆಟ್ ತೆಗೆದು ಒಳಗೆ ಹೋದಮೇಲೂ ಬೇಕೆನಿಸಿದರೆ ಅದೇ ದಿನ ಹಾಪರ್‌ಗೆ ಏರಿಸಿಕೊಳ್ಳಬಹುದು. ಹಾಗಿದ್ದಮೇಲೆ ಮುಂಚೆಯೇ ಯಾಕೆ ದುಡ್ಡು ಕಟ್ಟಬೇಕು?

ಹಾಗಾದರೆ ಯಾವ ಪಾರ್ಕು? ಮನೆಯಲ್ಲಿ ಯಾರಿಗೆ ಯಾವ ಸಿನಿಮಾ ಇಷ್ಟ ಅಂತ ಕೇಳಿ ತೀರ್ಮಾನ ಮಾಡಬೇಡಿ. ಅತಿ ಚಿಕ್ಕ ಮಗುವಿನ ಎತ್ತರ, ಅತಿ ಹಿರಿಯರ ಮಂಡಿ, ಇವೆರಡನ್ನು ನೋಡಿ.

ಎತ್ತರದ ವಿಷಯ ಮೊದಲು. ರೈಡಿನ ಬಾಗಿಲಲ್ಲಿ ಒಂದು ಅಳತೆ ಕೋಲು ಇರುತ್ತದೆ. ಮಗು ಅದರ ಪಕ್ಕ ನಿಲ್ಲಬೇಕು, ತಲೆ ಗೆರೆಗೆ ತಾಗಬೇಕು. ತಾಗದಿದ್ದರೆ ಇಲ್ಲ, ಬೇಡಿಕೊಂಡರೂ ಇಲ್ಲ. ಗಂಟೆಗಟ್ಟಲೆ ಕ್ಯೂ ನಿಂತು ಒಳಗಡೆ ಮತ್ತೊಮ್ಮೆ ಅಳೆದು ವಾಪಸ್ ಕಳಿಸುವುದೂ ಉಂಟು, ಅದಕ್ಕೆ ಮೊದಲ ಅಳತೆಯಲ್ಲೇ ಖಚಿತ ಮಾಡಿಕೊಳ್ಳಿ. ಶೂ ಹಾಕಿಕೊಂಡೇ ಅಳೆಯುತ್ತಾರೆ. ಆದ್ದರಿಂದ ಮನೆಯಲ್ಲೂ ಆ ದಿನ ಹಾಕುವ ಶೂನಲ್ಲೇ ಗೋಡೆಗೆ ನಿಲ್ಲಿಸಿ ಅಳೆಯಿರಿ, ಅದೂ ಸಂಜೆ. ಬೆಳಗ್ಗೆ ಎದ್ದಾಗಿನ ಎತ್ತರ ಸಂಜೆಯ ಹೊತ್ತಿಗೆ ಒಂದು ಸೆಂಟಿಮೀಟರಿನವರೆಗೂ ಕಮ್ಮಿಯಾಗಿರುತ್ತದೆ. ಗೆರೆಯ ಅಂಚಿನಲ್ಲಿರುವ ಮಗುವಿಗೆ ಆ ಒಂದು ಸೆಂಟಿಮೀಟರೇ ಅಳುವಿಗೂ ನಗುವಿಗೂ ಇರುವ ವ್ಯತ್ಯಾಸ.

ನೆನಪಿಡಬೇಕಾದ ಸಂಖ್ಯೆ 40 ಇಂಚು, ಅಂದರೆ ಸುಮಾರು 102 ಸೆಂಟಿಮೀಟರ್. ಬಹುತೇಕ ಮಕ್ಕಳು ನಾಲ್ಕು ವರ್ಷದ ಆಸುಪಾಸಿನಲ್ಲಿ ಮುಟ್ಟುವ ಎತ್ತರ ಅದು. ಕ್ಯಾಲಿಫೋರ್ನಿಯಾ ಅಡ್ವೆಂಚರಿನ ಹೆಸರಾಂತ ರೈಡುಗಳೆಲ್ಲ ಆ ಗೆರೆಯ ಮೇಲೇ ಇವೆ: ರೇಡಿಯೇಟರ್ ಸ್ಪ್ರಿಂಗ್ಸ್ ರೇಸರ್ಸ್ 40, ಸೋರಿನ್ 40, ಗಾರ್ಡಿಯನ್ಸ್ 40, ಗ್ರಿಜ್ಲಿ ರಿವರ್ ರನ್ 42, ಇನ್‌ಕ್ರೆಡಿಕೋಸ್ಟರ್ 48. ಮೂರು ವರ್ಷದ ಮಗುವಿಗೆ ಅಲ್ಲಿ ಉಳಿಯುವುದು ಲಿಟಲ್ ಮರ್ಮೇಡ್, ಟಾಯ್ ಸ್ಟೋರಿ, ವೆಬ್ ಸ್ಲಿಂಗರ್ಸ್, ಮೆರ್ರಿ-ಗೋ-ರೌಂಡ್, ಇಂಥ ಕೆಲವು. 32 ಇಂಚು ಇದ್ದರೆ ಕಾರ್ಸ್ ಲ್ಯಾಂಡಿನ ಎರಡು ಚಿಕ್ಕ ರೈಡು ಜಾಸ್ತಿ. ಮಧ್ಯಾಹ್ನದ ಊಟದ ಹೊತ್ತಿಗೆ ಮುಗಿದುಹೋಗುತ್ತದೆ.

ಡಿಸ್ನಿಲ್ಯಾಂಡಿನಲ್ಲೂ ಗೆರೆಗಳಿವೆ. ಸ್ಮಗ್ಲರ್ಸ್ ರನ್ 38, ಬಿಗ್ ಥಂಡರ್, ಸ್ಪೇಸ್ ಮೌಂಟನ್, ರೈಸ್ ಆಫ್ ದ ರೆಸಿಸ್ಟೆನ್ಸ್ 40, ಮ್ಯಾಟರ್‌ಹಾರ್ನ್ 42, ಇಂಡಿಯಾನಾ ಜೋನ್ಸ್ 46. ಆದರೆ ಗೆರೆಯೇ ಇಲ್ಲದವು ಅದಕ್ಕಿಂತ ಹೆಚ್ಚು: ಡಂಬೋ, ಪೀಟರ್ ಪ್ಯಾನ್, ಆಲಿಸ್, ಟೀ ಕಪ್ಪು, ಕೇಸಿ ಜೂನಿಯರ್ ರೈಲು, ಇಟ್ಸ್ ಅ ಸ್ಮಾಲ್ ವರ್ಲ್ಡ್, ಜಂಗಲ್ ಕ್ರೂಸ್, ಪೈರೇಟ್ಸ್, ಹಾಂಟೆಡ್ ಮ್ಯಾನ್ಷನ್, ಬಜ್ ಲೈಟ್‌ಇಯರ್, 2023ರಲ್ಲಿ ಬಂದ ಮಿಕ್ಕಿ-ಮಿನ್ನಿ ರೈಲು. ಕೈಗೂಸನ್ನೂ ಎತ್ತಿಕೊಂಡೇ ಇವುಗಳಿಗೆ ಹೋಗಬಹುದು. ಇದಕ್ಕೆ ಕಾರಣ ಎರಡೂ ಪಾರ್ಕು ಹುಟ್ಟಿದ ರೀತಿಯಲ್ಲೇ ಇದೆ. ಡಿಸ್ನಿಲ್ಯಾಂಡ್ 1955ರ ಜುಲೈ 17ರಂದು ತೆರೆದದ್ದು, ಅಪ್ಪ-ಅಮ್ಮ-ಮಕ್ಕಳು ಜೊತೆಯಲ್ಲೇ ಕೂತು ಆಡುವ ಜಾಗ ಬೇಕು ಅಂತ ವಾಲ್ಟ್ ಡಿಸ್ನಿ ಕಟ್ಟಿಸಿದ್ದು. ಅಡ್ವೆಂಚರ್ 2001ರಲ್ಲಿ ಅದರ ಹಳೆಯ ಪಾರ್ಕಿಂಗ್ ಲಾಟಿನ ಮೇಲೆ ಎದ್ದದ್ದು. ಅದಕ್ಕೆ ಕಳೆ ಬಂದದ್ದೇ 2012ರಲ್ಲಿ, ಕಾರ್ಸ್ ಲ್ಯಾಂಡ್ ತೆರೆದ ಮೇಲೆ.

ಹಾಗಾಗಿ ಮನೆಯಲ್ಲಿ 40 ಇಂಚು ಮುಟ್ಟದ ಮಗು ಇದ್ದರೆ ಡಿಸ್ನಿಲ್ಯಾಂಡ್, ಎರಡನೇ ಯೋಚನೆ ಬೇಡ. ಎಲ್ಲ ಮಕ್ಕಳೂ 48 ಇಂಚು ದಾಟಿ, ಹೈಸ್ಕೂಲಿನವರೂ ಇದ್ದು, ಮೊದಲೊಮ್ಮೆ ಡಿಸ್ನಿಲ್ಯಾಂಡ್ ನೋಡಿಯಾಗಿದ್ದರೆ ಅಡ್ವೆಂಚರ್ ಚೆನ್ನ. ರೈಡು ಕಮ್ಮಿ, ಆದರೆ ದಾರಿಗಳು ಅಗಲ, ಇಡೀ ಪಾರ್ಕನ್ನು ಗಡಿಬಿಡಿಯಿಲ್ಲದೆ ಒಂದು ದಿನಕ್ಕೆ ಮುಗಿಸಬಹುದು. ಸಂಜೆ ಕಾರ್ಸ್ ಲ್ಯಾಂಡಿನ ಬೀದಿಯಲ್ಲಿ ನಿಯಾನ್ ದೀಪಗಳು ಒಂದೊಂದಾಗಿ ಹೊತ್ತಿಕೊಳ್ಳುವ ಗಳಿಗೆಯಲ್ಲಿ ಅಲ್ಲೇ ಇರಿ. ಹಿಂದಿನ ಕೆಂಪು ಬಂಡೆಗಳು ಕತ್ತಲಿಗೆ ಕರಗುತ್ತಾ ಹೋಗುವುದನ್ನು ನೋಡಲು ಯಾವ ಕ್ಯೂವೂ ಇಲ್ಲ.

ಮಧ್ಯದವರಿಗೆ, ಅಂದರೆ ಒಂದು ಮಗು ಗೆರೆಯ ಮೇಲೆ, ಇನ್ನೊಂದು ಕೆಳಗೆ ಇರುವ ಮನೆಗಳಿಗೆ, ರೈಡರ್ ಸ್ವಿಚ್ ಅನ್ನುವ ಸೌಲಭ್ಯ ಇದೆ. ದುಡ್ಡಿಲ್ಲ. ಎಲ್ಲರೂ ಒಟ್ಟಿಗೆ ರೈಡಿನ ಬಾಗಿಲಿಗೆ ಹೋಗಿ ಅಲ್ಲಿರುವ ಸಿಬ್ಬಂದಿಗೆ "ರೈಡರ್ ಸ್ವಿಚ್" ಅನ್ನಿ. ಮಗುವಿನ ಜೊತೆ ಹೊರಗೆ ಉಳಿಯುವವರ ಟಿಕೆಟ್ ಸ್ಕ್ಯಾನ್ ಮಾಡುತ್ತಾರೆ. ಅಪ್ಪ ದೊಡ್ಡ ಮಗಳ ಜೊತೆ ಕ್ಯೂ ನಿಂತು ಆಡಿ ಬಂದಮೇಲೆ ಅಮ್ಮ ಲೈಟ್ನಿಂಗ್ ಲೇನ್ ಅನ್ನುವ ಚಿಕ್ಕ ಸಾಲಿನಲ್ಲಿ ನೇರ ಒಳಗೆ. ಅಮ್ಮನ ಜೊತೆ ಅದೇ ಮಗಳು ಇನ್ನೊಮ್ಮೆ ಹೋಗಬಹುದು! ತಪ್ಪಾಗುವುದು ಎಲ್ಲಿ ಅಂದರೆ, ಅಮ್ಮ-ಮಗು ಅಷ್ಟು ದೂರದ ಬೆಂಚಿನಲ್ಲಿ ಕೂತಿರುತ್ತಾರೆ, ಅಪ್ಪ ಒಬ್ಬನೇ ಬಂದು ಕೇಳುತ್ತಾನೆ. ಆಗ ಕೊಡುವುದಿಲ್ಲ. ಮಗು ಕಣ್ಣಿಗೆ ಕಾಣಬೇಕು.

ಈಗ ಹಿರಿಯರು. ಎರಡರಲ್ಲಿ ಯಾವ ಪಾರ್ಕಾದರೂ ದಿನಕ್ಕೆ ಹದಿನೈದು ಸಾವಿರ ಹೆಜ್ಜೆ ಆರಾಮಾಗಿ ಆಗುತ್ತದೆ. ಊರಲ್ಲಿ ದಿನಾ ವಾಕಿಂಗ್ ಮಾಡುವವರೂ ಮಧ್ಯಾಹ್ನ ಮೂರಕ್ಕೆ ಸೋಲುತ್ತಾರೆ, ಬಾಯಿಬಿಟ್ಟು ಹೇಳುವುದಿಲ್ಲ. ವೀಲ್‌ಚೇರ್ ಬಾಡಿಗೆಗೆ ಮುಖ್ಯ ದ್ವಾರದ ಹತ್ತಿರವೇ ಸಿಗುತ್ತದೆ, ಬೆಳಗ್ಗೆಯೇ ತೆಗೆದುಕೊಳ್ಳಿ. "ನನಗೇನಾಗಿದೆ" ಅನ್ನುವ ಮಾವನವರಿಗೆ, ಬ್ಯಾಗುಗಳನ್ನು ಇಟ್ಟುಕೊಂಡು ತಳ್ಳಲು ಅಂತ ಹೇಳಿ, ಮಧ್ಯಾಹ್ನ ತಾವೇ ಕೂರುತ್ತಾರೆ. ವೀಲ್‌ಚೇರ್ ಇದ್ದರೆ ಕ್ಯೂ ತಪ್ಪುತ್ತದೆ ಅನ್ನುವ ಮಾತು ಮಾತ್ರ ಸುಳ್ಳು. ಹೊಸ ರೈಡುಗಳಲ್ಲಿ ಎಲ್ಲರ ಜೊತೆ ಅದೇ ಸಾಲಿನಲ್ಲಿ ಹೋಗಬೇಕು. ಹಳೆಯ ಡಿಸ್ನಿಲ್ಯಾಂಡಿನ ಇಕ್ಕಟ್ಟು ಸಾಲುಗಳಲ್ಲಿ ಗಾಡಿ ಹಿಡಿಯದು, ಅದಕ್ಕೆ ಇಷ್ಟು ಹೊತ್ತಿಗೆ ಬನ್ನಿ ಅಂತ ಸಮಯ ಕೊಟ್ಟು ಬೇರೆ ಬಾಗಿಲಿಂದ ಬಿಡುತ್ತಾರೆ.

ಹಿರಿಯರಿಗೂ ಡಿಸ್ನಿಲ್ಯಾಂಡೇ ವಾಸಿ, ಯಾಕೆಂದರೆ ಕೂತು ನೋಡುವುದು ಅಲ್ಲಿ ಬೇಕಾದಷ್ಟಿದೆ. ಪಾರ್ಕಿನ ಸುತ್ತ ಓಡುವ ರೈಲಿಗೆ ನಾಲ್ಕು ಸ್ಟೇಷನ್, ಪೂರ್ತಿ ಸುತ್ತಿಗೆ ಇಪ್ಪತ್ತು ನಿಮಿಷದ ಲೆಕ್ಕ, ಇಳಿಯದೆ ಇನ್ನೊಂದು ಸುತ್ತೂ ಹಾಕಬಹುದು. 1963ರ ಟಿಕಿ ರೂಮಿನಲ್ಲಿ ಯಂತ್ರದ ಹಕ್ಕಿಗಳು ತಲೆ ಮೇಲೆ ಹಾಡುತ್ತವೆ, ತಂಪಾದ ಕೋಣೆ, ಕುರ್ಚಿ, ಕಾಲು ಗಂಟೆ. ಅದರ ಪಕ್ಕದಲ್ಲೇ ಅನಾನಸ್‌ನ ಡೋಲ್ ವಿಪ್ ಸಿಗುತ್ತದೆ, ಹಾಲೂ ಇಲ್ಲ, ಮೊಟ್ಟೆಯೂ ಇಲ್ಲ. ಪೈರೇಟ್ಸ್ ದೋಣಿ ಹದಿನೈದು ನಿಮಿಷ, ಕತ್ತಲಲ್ಲಿ ಎರಡು ಸಣ್ಣ ಇಳಿಜಾರು ಬರುತ್ತವೆ ಅಂತ ಮೊದಲೇ ಹೇಳಿರಿ. ದೋಣಿಗೆ ಕೆಳಗೆ ಕಾಲಿಟ್ಟು ಇಳಿಯಬೇಕು, ಸೀಟು ಒದ್ದೆ ಇರಬಹುದು, ಒಂದು ಟವೆಲ್ ಇರಲಿ. ಹಾಂಟೆಡ್ ಮ್ಯಾನ್ಷನ್‌ನಲ್ಲಿ ಚಲಿಸುವ ಪಟ್ಟಿಯ ಮೇಲೆ ನಡೆಯುತ್ತಲೇ ಕೂರಬೇಕು. ಸೀರೆ ಉಟ್ಟವರು ನೆರಿಗೆ ಎತ್ತಿಹಿಡಿದು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳಲಿ. ಆಗದು ಅನಿಸಿದರೆ ಹತ್ತುವ ಮೊದಲೇ ಸಿಬ್ಬಂದಿಗೆ ಹೇಳಿದರೆ ಪಟ್ಟಿಯನ್ನು ನಿಲ್ಲಿಸುತ್ತಾರೆ. ನೀಮೋ ಸಬ್‌ಮೆರಿನ್ ಬೇಡ, ಒಳಗಿಳಿಯುವ ಮೆಟ್ಟಿಲು ಕಡಿದು, ಕಿರಿದು. ಬೆನ್ನುನೋವು ಇದ್ದವರನ್ನು ಮ್ಯಾಟರ್‌ಹಾರ್ನ್ ಮತ್ತು ಇಂಡಿಯಾನಾ ಜೋನ್ಸ್‌ಗೆ ಯಾವ ಕಾರಣಕ್ಕೂ ಹತ್ತಿಸಬೇಡಿ. ಹಳ್ಳಿ ರಸ್ತೆಯ ಜೀಪಿನಂತೆ ಎತ್ತಿ ಕುಕ್ಕುತ್ತವೆ.

ಅಡ್ವೆಂಚರಿಗೇ ಹೋಗುವವರಿಗೆ ಒಂದು ಎಚ್ಚರಿಕೆ. ಅಲ್ಲಿಯ ದೊಡ್ಡ ಜಯಂಟ್ ವೀಲ್ ಪಿಕ್ಸಾರ್ ಪ್ಯಾಲ್-ಅ-ರೌಂಡ್‌ಗೆ ಎರಡು ಕ್ಯೂ ಇವೆ. ಒಂದು ಸುಮ್ಮನೆ ತಿರುಗುವ ತೊಟ್ಟಿಲಿನದು, ಇನ್ನೊಂದರ ತೊಟ್ಟಿಲು ಹಳಿಯ ಮೇಲೆ ಜಾರಿ ಮುಂದಕ್ಕೆ ಹಿಂದಕ್ಕೆ ತೂಗುತ್ತದೆ. 150 ಅಡಿ ಎತ್ತರದಲ್ಲಿ ಹಾಗೆ ತೂಗಿದರೆ ಊಟ ಮಾಡಿ ಬಂದವರ ಗತಿ ಏನು? ಒಳಗೆ ವಾಂತಿ ಚೀಲ ಇಟ್ಟಿರುವುದು ಸುಮ್ಮನಲ್ಲ. ಬೋರ್ಡ್ ಓದಿ ನಿಲ್ಲಿ. ಗ್ರಿಜ್ಲಿ ರಿವರ್ ರನ್‌ನಲ್ಲಿ ತಲೆಯಿಂದ ಕಾಲವರೆಗೆ ತೋಯುತ್ತೀರಿ. ಬಿಡದಿಯ ವಂಡರ್‌ಲಾದಂತೆ ಅರ್ಧ ದಿನ ನೀರಲ್ಲೇ ಇದ್ದು ಬಟ್ಟೆ ಬದಲಿಸುವ ವ್ಯವಸ್ಥೆ ಇಲ್ಲಿಲ್ಲ, ಒದ್ದೆ ಜೀನ್ಸಿನಲ್ಲೇ ಸಂಜೆವರೆಗೆ ನಡೆಯಬೇಕಾಗುತ್ತದೆ. ರೇಸರ್ಸ್ ಬೆಳಗ್ಗೆ ಮೊದಲಿಗೇ ಮುಗಿಸಿ, ಮಧ್ಯೆ ಕೆಟ್ಟು ನಿಲ್ಲುವುದು ಜಾಸ್ತಿ. ದೊಡ್ಡ ಮಕ್ಕಳು ಬೇರೆ ಬೇರೆ ಕೂರಲು ಒಪ್ಪಿದರೆ ಸಿಂಗಲ್ ರೈಡರ್ ಸಾಲು ಸಮಯ ಉಳಿಸುತ್ತದೆ.

ಆ ಚಿಕ್ಕ ಸಾಲುಗಳಲ್ಲಿ ಹೋಗಲು ಕೊಳ್ಳುವ ಲೈಟ್ನಿಂಗ್ ಲೇನ್ ಮಲ್ಟಿ ಪಾಸ್‌ಗೆ ದುಡ್ಡು ಕೊಡಬೇಕೆ ಅನ್ನುವುದೂ ಮತ್ತೆ ಎತ್ತರದ್ದೇ ಪ್ರಶ್ನೆ. ಪುಟ್ಟ ಮಕ್ಕಳು ಆಡುವ ಪೀಟರ್ ಪ್ಯಾನ್, ಡಂಬೋ, ಆಲಿಸ್ ಯಾವುದೂ ಆ ಪಾಸಿನಲ್ಲಿ ಇಲ್ಲ. ಅವರಿಗೋಸ್ಕರ ಕೊಂಡರೆ ದಂಡ. ಅದರ ಬದಲು ಗೇಟು ತೆರೆಯುವ ನಲವತ್ತು ನಿಮಿಷ ಮೊದಲೇ ಸೆಕ್ಯುರಿಟಿ ದಾಟಿ ನಿಂತು, ನೇರ ಪೀಟರ್ ಪ್ಯಾನ್‌ಗೆ ಹೋಗಿ. ಹತ್ತು ಗಂಟೆಯ ಮೇಲೆ ಅದರ ಸಾಲು ಕರಗುವುದಿಲ್ಲ. 42-46 ಇಂಚು ದಾಟಿದ ಮಕ್ಕಳಿದ್ದು ಡಿಸ್ನಿಲ್ಯಾಂಡಿಗೆ ಹೋದರೆ ಪಾಸು ಲಾಭವೇ.

ಊಟ. ಹೊರಗಿನ ತಿಂಡಿ ಒಳಗೆ ಬಿಡುತ್ತಾರೆ, ಸಂಕೋಚ ಬೇಡ. ಚಪಾತಿ-ಪಲ್ಯ, ಪುಳಿಯೋಗರೆ, ಕೋಡುಬಳೆ, ಬಿಸಿ ಮಾಡುವ ತಾಪತ್ರಯ ಇಲ್ಲದ್ದು ಯಾವುದಾದರೂ ಸರಿ. ಮೊಸರನ್ನಕ್ಕೆ ಹಾಲು ಜಾಸ್ತಿ ಹಾಕಿ ಒಂದೇ ಚಮಚ ಮೊಸರು ಬೆರೆಸಿ, ಮಧ್ಯಾಹ್ನಕ್ಕೆ ಹದವಾಗಿ ಹೆಪ್ಪಾಗಿರುತ್ತದೆ, ಹುಳಿಯಾಗುವುದಿಲ್ಲ. ಗಾಜಿನ ಬಾಟಲಿ ಬಿಡುವುದಿಲ್ಲ, ಉಪ್ಪಿನಕಾಯಿಯನ್ನು ಪ್ಲಾಸ್ಟಿಕ್ ಡಬ್ಬಿಗೆ ಹಾಕಿ. ಬಿಡಿ ಐಸೂ ಬೇಡ, ಜೆಲ್ ಪ್ಯಾಕ್ ಇಡಿ. ಕುಡಿಯುವ ತಣ್ಣೀರನ್ನು ಕೌಂಟರ್ ರೆಸ್ಟೋರೆಂಟುಗಳಲ್ಲಿ ಕೇಳಿದರೆ ಕಪ್ಪಿನಲ್ಲಿ ಪುಕ್ಕಟೆ ಕೊಡುತ್ತಾರೆ, ಬಾಟಲಿ ಕೊಳ್ಳಬೇಡಿ. ಒಳಗೆ ಊಟ ತೆಗೆದುಕೊಳ್ಳುವ ಸಸ್ಯಾಹಾರಿಗಳು ಆ್ಯಪ್ ಮೆನುವಿನಲ್ಲಿ ಎಲೆಯ ಗುರುತು ನೋಡಿ. ಮಾಂಸದ ತುಂಡು ಇಲ್ಲ ಅಂದಮಾತ್ರಕ್ಕೆ ಸೂಪಿಗೆ, ಅನ್ನಕ್ಕೆ ಚಿಕನ್ ಸ್ಟಾಕ್ ಹಾಕಿಲ್ಲ ಅಂತಲ್ಲ, ಕೇಳಿ ತಿಳಿದುಕೊಳ್ಳಿ.

ದಿನಾಂಕ ಗೊತ್ತುಮಾಡುವ ಮುನ್ನ ಆ ದಿನ ಪಾರ್ಕು ಎಷ್ಟು ಗಂಟೆಗೆ ಮುಚ್ಚುತ್ತದೆ ಅಂತ ಡಿಸ್ನಿಲ್ಯಾಂಡಿನ ವೆಬ್‌ಸೈಟಿನಲ್ಲಿ ನೋಡಿ. ಸಾಮಾನ್ಯವಾಗಿ ಅಡ್ವೆಂಚರ್ ಡಿಸ್ನಿಲ್ಯಾಂಡಿಗಿಂತ ಬೇಗ ಮುಚ್ಚುತ್ತದೆ. ಹ್ಯಾಲೋವೀನ್ ಕಾಲದಲ್ಲಿ ಕೆಲವು ದಿನ ಅಲ್ಲಿ ಬೇರೆ ಟಿಕೆಟಿನ ಪಾರ್ಟಿ ಇರುತ್ತದೆ, ಮಾಮೂಲಿ ಟಿಕೆಟಿನವರು ಸಂಜೆ ಆರಕ್ಕೇ ಹೊರಗೆ. ದುರಸ್ತಿಗೆ ಮುಚ್ಚಿದ ರೈಡುಗಳ ಪಟ್ಟಿಯೂ ಆ ವೆಬ್‌ಸೈಟಿನಲ್ಲೇ ಇರುತ್ತದೆ. ಹಾಂಟೆಡ್ ಮ್ಯಾನ್ಷನ್ ಸಾಮಾನ್ಯವಾಗಿ ಆಗಸ್ಟ್‌ನಲ್ಲಿ ಹಬ್ಬದ ಅಲಂಕಾರಕ್ಕೆ ಕೆಲವು ದಿನ ಮುಚ್ಚುತ್ತದೆ. ಟಿಕೆಟ್ ಜೊತೆಗೆ ಆ ದಿನದ, ಆ ಪಾರ್ಕಿನ ರಿಸರ್ವೇಷನ್ ಬೇಕೇ ನೋಡಿ, ಬೇಕಿದ್ದರೆ ಎಲ್ಲರ ಹೆಸರಿಗೂ ಆಗಿದೆಯೇ ಪರೀಕ್ಷಿಸಿ. ಮೂರು ವರ್ಷ ತುಂಬದ ಮಗುವಿಗೆ ಟಿಕೆಟೇ ಬೇಡ.

ಬಾಣಬಿರುಸು ಮೇಲುಗಾಳಿ ಜೋರಿದ್ದರೆ ಕೊನೇ ಗಳಿಗೆಯಲ್ಲೂ ರದ್ದಾಗುತ್ತದೆ, ಅದೊಂದಕ್ಕೇ ಅಂತ ಮುದುಕರನ್ನು ಕಾಯಿಸಬೇಡಿ. ಬೇಸಿಗೆಯಲ್ಲೂ ರಾತ್ರಿ ಗಾಳಿ ತಣ್ಣಗಿರುತ್ತದೆ, ಸ್ವೆಟರ್ ಇರಲಿ. ಮುಗಿದ ತಕ್ಷಣ ಎಲ್ಲರೂ ಒಮ್ಮೆಲೇ ಪಾರ್ಕಿಂಗಿನ ಟ್ರ್ಯಾಮಿಗೆ ನುಗ್ಗುತ್ತಾರೆ. ಡಿಸ್ನಿಲ್ಯಾಂಡಿನ ಗೇಟಿನ ಒಳಗೇ ಇರುವ ಮೇನ್ ಸ್ಟ್ರೀಟಿನ ಅಂಗಡಿಗಳು ಪಾರ್ಕು ಮುಚ್ಚಿದ ಮೇಲೂ ಸ್ವಲ್ಪ ಹೊತ್ತು ತೆರೆದಿರುತ್ತವೆ, ಅಲ್ಲೇ ಅರ್ಧ ಗಂಟೆ ಕೂತು ಆಮೇಲೆ ಹೊರಡಿ. ಕಾರು ನಿಲ್ಲಿಸಿದ ಮಹಡಿ, ಕಂಬದ ನಂಬರು ಬೆಳಗ್ಗೆಯೇ ಫೋಟೋ ತೆಗೆದಿಟ್ಟುಕೊಂಡಿರಬೇಕು. ಮಿಕ್ಕಿ ಕಟ್ಟಡವೂ ಪಿಕ್ಸಾರ್ ಕಟ್ಟಡವೂ ಅಂಟಿಕೊಂಡೇ ಇವೆ, ನಿದ್ದೆಗಣ್ಣಿನ ಮಗುವನ್ನು ಹೆಗಲಿಗೆ ಹಾಕಿಕೊಂಡು ರಾತ್ರಿ ಹನ್ನೊಂದಕ್ಕೆ ಎರಡರಲ್ಲೂ ಹುಡುಕುವ ಕೆಲಸ ಯಾರಿಗೂ ಬೇಡ.