ಕುದುರೆ ಬೇಡ ಅಂದ್ರೆ ಬೇಡ, ಅಷ್ಟೇ

ಭಾನುವಾರದಿಂದ ಕೋಪ ಇಳಿದಿಲ್ಲ, ಅದಕ್ಕೇ ಬರೀತಿದ್ದೀನಿ. ಉದ್ದ ಆಗತ್ತೆ, ತಾಳ್ಮೆ ಇದ್ದೋರು ಓದಿ.

ಊರಾಚೆ ಒಂದು ಫಾರ್ಮ್‌ನಲ್ಲಿ ಮಕ್ಕಳಿಗೆ ಮೀಟ್ ಇತ್ತು. ಈಜು, ಕುದುರೆ ಸವಾರಿ, ಓಟ, ಮೂರೂ ಸೇರಿ ಒಂದೇ ಸ್ಪರ್ಧೆ. ಯಾರು ನಡೆಸಿದ್ದು ಅಂತ ಕೇಳ್ಬೇಡಿ, ಹೇಳಲ್ಲ. ನನ್ನನ್ನ ಜಂಪ್ ಜಡ್ಜ್ ಆಗಿ, ಅಂದ್ರೆ ಕುದುರೆಗಳು ಅಡ್ಡಗಂಬ ಹಾರೋದನ್ನ ನೋಡಿ ತೀರ್ಪು ಕೊಡೋಕೆ ಕರೆದಿದ್ರು. ನಿಮಗೆಲ್ಲ ಗೊತ್ತೇ ಇದೆ, ಬಸವನಗುಡಿ ಈಜುಕೊಳ ನನಗೆ ತವರಾದ್ರೆ ಕುದುರೆ ಲಾಯ ನಾನು ಆಮೇಲೆ ಕಟ್ಟಿಕೊಂಡ ಸಂಸಾರ, ಎರಡೂ ಒಂದೇ ಅಂಗಳದಲ್ಲಿ ಸಿಗೋ ಆಟ ಅಂದ್ರೆ ಬಿಡ್ತೀನಾ, ಬೆಳಗ್ಗೆ ಕತ್ತಲಿರುವಾಗ್ಲೇ ಎದ್ದು ಹೊರಟಿದ್ದೆ.

ಅಲ್ಲಿ ಏನಾಯ್ತು ಅಂದ್ರೆ, ಮೊದಲು ಈಜು ಮುಗಿಸಿದ್ರು. ಆಮೇಲೆ ಒಂದು ಪ್ಲಾಸ್ಟಿಕ್ ಡಬ್ಬದಲ್ಲಿ ಚೀಟಿ ಹಾಕಿ ಯಾವ ಮಗುವಿಗೆ ಯಾವ ಕುದುರೆ ಅಂತ ಎತ್ತಿಸಿದ್ರು. ಆ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿತ್ತು. ಹದಿಮೂರೋ ಹದಿನಾಲ್ಕೋ ವರ್ಷದ ಒಂದು ಹುಡುಗಿ, ಕೂದಲು ಇನ್ನೂ ಒದ್ದೆ, ಹೆಲ್ಮೆಟ್ ಒಳಗಿಂದ ನೀರು ಕತ್ತಿಗೆ ಇಳೀತಿದೆ, ಅವಳ ಪಾಲಿಗೆ ಬಂದಿದ್ದು ಹಣೆ ಮೇಲೆ ಬಿಳಿ ಮಚ್ಚೆ ಇರೋ ಒಂದು ಕಂದು ಹೆಣ್ಣು ಕುದುರೆ. ಮೂರನೇ ಜಂಪ್ ಹತ್ರ ಅದು ನಿಂತ್ಬಿಡ್ತು. ಕಿವಿ ಹಿಂದಕ್ಕೆ ಅಂಟಿಸಿಕೊಂಡಿದೆ, ಬಾಲ ಪಟಪಟ ಹೊಡೀತಿದೆ, ಜೀನು ಬಿಗಿಯೋ ಹೊಟ್ಟೆಪಟ್ಟಿ ಪಕ್ಕದಲ್ಲಿ ಬೆವರು ಬಿಳಿ ನೊರೆಯಾಗಿ ಕೂತಿದೆ. ಮತ್ತೆ ತಿರುಗಿಸಿಕೊಂಡು ಬಂದ್ಲು, ಮತ್ತೆ ನಿಂತ್ಕೊಳ್ತು. ಹಗ್ಗದ ಆಚೆಯಿಂದ ಅವರಪ್ಪ ಕೂಗ್ತಿದ್ದಾರೆ, "ಒಂದು ಬಿಡು ಪುಟ್ಟಾ ಅದಕ್ಕೆ, ಬಿಡು!" ಮಗು ಅಳ್ತಾ ವಿಪ್, ಅದೇ ಚಾವಟಿ, ಎತ್ತಿ ಹೊಡೀತು. ನಾನು ಕೈ ಎತ್ತಿ ನಿಲ್ಲಿಸಿ ಅಂದೆ. ನಡೆಸೋರು ಬಂದು ಹೇಳಿದ್ದು ಏನು ಗೊತ್ತಾ, "ನಿಲ್ಲಿಸೋಕೆ ರೂಲ್ಸ್‌ನಲ್ಲಿ ಇಲ್ಲ ಮೇಡಂ, ಟೈಮ್ ಪೆನಾಲ್ಟಿ ಮಾತ್ರ."

ನಾನು ಒಳಗೆ ಹೋಗಿ ಲಗಾಮು ಹಿಡ್ಕೊಂಡೆ. ಕುದುರೆ ನಡುಗ್ತಿತ್ತು, ಹುಡುಗಿಯೂ ನಡುಗ್ತಿದ್ಲು. ಸೈಸ್, ಅಂದ್ರೆ ಲಾಯದಲ್ಲಿ ಕುದುರೆ ನೋಡ್ಕೊಳ್ಳೋರು, ಓಡಿ ಬಂದ್ರು, ವಯಸ್ಸಾದವರು, ಮೆಲ್ಲಗೆ ಅಂದ್ರು, "ಬೆಳಗ್ಗೆ ಆರಕ್ಕೇ ಜೀನು ಬಿಗಿದಿದ್ದು ಅಕ್ಕಾ, ಇಳಿಸೋಕೆ ಬಿಟ್ಟಿಲ್ಲ." ಜೀನು ತೆಗೆದು ನೋಡಿದ್ರೆ ಬೆನ್ನಿನ ಮೇಲೆ ಅಂಗೈ ಅಗಲ ಊದಿದೆ. ಬೆರಳು ಮುಟ್ಟಿಸಿದ್ರೆ ಸಾಕು, ಬೆನ್ನು ಕೆಳಗೆ ತಗ್ಗಿಸ್ತಿತ್ತು. ಈ ನೋವಿಟ್ಟುಕೊಂಡು ಹಾರು ಅಂದ್ರೆ ಹೇಗೆ ಹಾರತ್ತೆ?

ಆಮೇಲೆ ಅವರ ರೂಲ್ ಶೀಟ್ ಕೈಗೆ ತಗೊಂಡು ಕೂತು ಓದಿದೆ. ಈಜಿಗೆ ಪುಟಗಟ್ಟಲೆ ಇದೆ. ಫಾಲ್ಸ್ ಸ್ಟಾರ್ಟ್ ಯಾವಾಗ, ಟರ್ನ್‌ನಲ್ಲಿ ಗೋಡೆ ಹೇಗೆ ಮುಟ್ಟಬೇಕು, ಕಾಸ್ಟ್ಯೂಮ್ ಎಷ್ಟುದ್ದ ಇರಬೇಕು, ಎಲ್ಲ. ಓಟಕ್ಕೆ ಶೂ ಬಗ್ಗೆ, ಲೇನ್ ಬಗ್ಗೆ, ಎದೆಗೆ ನಂಬರ್ ಚುಚ್ಚಿಕೊಳ್ಳೋ ಬಗ್ಗೆ. ಕುದುರೆ ಬಗ್ಗೆ ನಾಲ್ಕು ಸಾಲು. ಕಂಬ ಬಿದ್ರೆ ಇಷ್ಟು ಸೆಕೆಂಡ್, ನಿಂತ್ರೆ ಇಷ್ಟು ಸೆಕೆಂಡ್, ಮುಗೀತು. ಎಷ್ಟು ಸಲ ನಿಂತ್ರೆ ಹೊರಗೆ ಕರ್ಕೊಂಡು ಬರಬೇಕು? ಇಲ್ಲ. ವೆಟ್, ಅಂದ್ರೆ ಪಶುವೈದ್ಯರು, ನೋಡಬೇಕಾ? ಇಲ್ಲ. ಒಂದು ಕುದುರೆ ದಿನಕ್ಕೆ ಎಷ್ಟು ಮಕ್ಕಳನ್ನ ಹೊರಬಹುದು? ಅದೂ ಇಲ್ಲ. ಮೂರು ವಿಭಾಗದಲ್ಲಿ ಎರಡಕ್ಕೆ ಮಾತಾಡೋ ಮನುಷ್ಯರಿದ್ದಾರೆ, ಕಾಲು ಹಿಡ್ಕೊಂಡ್ರೆ ಹಿಡ್ಕೊಳ್ತು ಅಂತ ಹೇಳ್ತಾರೆ, ಉಸಿರು ಕಟ್ಟಿದ್ರೆ ಕೈ ಎತ್ತುತ್ತಾರೆ. ಬಾಯಿಲ್ಲದ ಒಂದೇ ಒಂದು ಜೀವಕ್ಕೆ ನಾಲ್ಕು ಸಾಲು. ನನಗೆ ಹೊಟ್ಟೆ ಉರಿದಿದ್ದು ಇಲ್ಲಿ.

ಇದೇನು ನಮ್ಮೂರಲ್ಲಿ ಮಾತ್ರ ಆಗಿದ್ದಲ್ಲ. ಟೋಕಿಯೊ ಒಲಿಂಪಿಕ್ಸ್ ನೆನಪಿದ್ಯಾ, 2021ರ ಆಗಸ್ಟ್ 6, ಮಾಡರ್ನ್ ಪೆಂಟಾಥ್ಲಾನ್, ಕತ್ತಿವರಸೆ, ಈಜು, ಸವಾರಿ, ಶೂಟಿಂಗ್, ಓಟ ಐದೂ ಸೇರಿದ ಆಟ. ಜರ್ಮನಿಯ ಆನಿಕಾ ಶ್ಲೋಯ್ ಕತ್ತಿವರಸೆ, ಈಜು ಎರಡೂ ಮುಗಿದಾಗ ಎಲ್ಲರಿಗಿಂತ ಮುಂದೆ ಇದ್ಲು. ಚೀಟಿಯಲ್ಲಿ ಬಂದ ಕುದುರೆ ಸೇಂಟ್ ಬಾಯ್. ಅದಕ್ಕಿಂತ ಮುಂಚೆ ಅದೇ ಕುದುರೆ ರಷ್ಯಾದ ಸವಾರಳ ಕೈಲೂ ಹಾರಲ್ಲ ಅಂತ ನಿಂತಿತ್ತು. ಆಗ ಆಟದ ರೂಲ್ ಏನಿತ್ತಪ್ಪಾ ಅಂದ್ರೆ, ಯಾವತ್ತೂ ನೋಡಿರದ ಕುದುರೆ, ಪರಿಚಯಕ್ಕೆ 20 ನಿಮಿಷ, ಆಮೇಲೆ ಸೀದಾ ಅಖಾಡಕ್ಕೆ, 120 ಸೆಂಟಿಮೀಟರ್‌ವರೆಗಿನ ಜಂಪ್‌ಗಳು. 300 ಪಾಯಿಂಟ್‌ನಿಂದ ಶುರು, ಕಂಬ ಬಿದ್ರೆ 7 ಕಟ್, ಕುದುರೆ ನಿಂತ್ರೆ 10 ಕಟ್. ಸೇಂಟ್ ಬಾಯ್ ನಿಂತಿತು, ಹಿಂದಕ್ಕೆ ಹೋಯ್ತು, ಅವಳು ಜೀನಿನ ಮೇಲೇ ಗೋಳೋ ಅಂತ ಅತ್ತಳು, ಬೇಲಿ ಆಚೆಯಿಂದ ಕೋಚ್ ಹೊಡಿ ಹೊಡಿ ಅಂತ ಕೂಗಿ ತಾನೂ ಒಂದು ಗುದ್ದಿದ್ಲು. ಕೋಚನ್ನ ಆಟದಿಂದ ಹೊರಗೆ ಹಾಕಿದ್ರು. ಚಿನ್ನದ ದಾರೀಲಿದ್ದೋಳು 31ನೇ ಸ್ಥಾನಕ್ಕೆ ಬಂದ್ಲು.

ಆ ವಾರ ನಾನು ಟಿವಿ ಮುಂದೆ ಹೇಗಿದ್ದೆ ಅಂತ ಇದುವರೆಗೂ ಯಾರಿಗೂ ಹೇಳಿಲ್ಲ. ನಾಲ್ಕು ದಿನ ಮುಂಚೆ ತಾನೇ ಅದೇ ಟೋಕಿಯೊದಲ್ಲಿ ನಮ್ಮ ಬೆಂಗಳೂರಿನ ಫೌಆದ್ ಮಿರ್ಜಾ ಈವೆಂಟಿಂಗ್ ಅನ್ನೋ ಮೂರು ಹಂತದ ಸವಾರಿ ಸ್ಪರ್ಧೆಯಲ್ಲಿ ಫೈನಲ್‌ವರೆಗೆ ಹೋಗಿ 23ನೇ ಸ್ಥಾನ ತಗೊಂಡಿದ್ರು, 2000ದ ಸಿಡ್ನಿಯಲ್ಲಿ ಇಮ್ತಿಯಾಜ್ ಅನೀಸ್ ಹೋದಮೇಲೆ ಒಲಿಂಪಿಕ್ಸ್‌ನಲ್ಲಿ ಕುದುರೆ ಹತ್ತಿದ ಮೊದಲ ಭಾರತೀಯ, ಸಿನ್ಯೋರ್ ಮೆಡಿಕಾಟ್ ಅನ್ನೋ ಆ ಕುದುರೆ ಜೊತೆ 2018ರ ಏಷ್ಯನ್ ಗೇಮ್ಸ್‌ನಲ್ಲಿ ಎರಡು ಬೆಳ್ಳಿ ಗೆದ್ದ ಜೋಡಿ ಅದು, ನಾನು ಖುಷಿಗೆ ಅತ್ತಿದ್ದೆ. ಅದೇ ವಾರ ಸೇಂಟ್ ಬಾಯ್ ನೋಡಿ ಮತ್ತೆ ಅತ್ತೆ. ಫೌಆದ್ ಆಟದಲ್ಲಿ ಸವಾರಿಗೆ ಮುಂಚೆ ಒಂದು ಸಲ, ಕೊನೆಯ ಜಂಪಿಂಗ್‌ಗೆ ಮುಂಚೆ ಇನ್ನೊಂದು ಸಲ ಕುದುರೆಯನ್ನ ವೆಟ್ ಮತ್ತು ಜಡ್ಜ್ ಮುಂದೆ ಓಡಿಸಿ ತೋರಿಸಬೇಕು. ಸ್ವಲ್ಪ ಕುಂಟಿದ್ರೂ ಆಟ ಅಲ್ಲಿಗೇ ಮುಗೀತು, ಎಷ್ಟು ಕೋಟಿ ಖರ್ಚು ಮಾಡಿ ಬಂದಿದ್ರೂ ಅಷ್ಟೇ. ಬರೀ ಜಂಪಿಂಗ್ ಸ್ಪರ್ಧೆಯಲ್ಲೂ ಅಂತಾರಾಷ್ಟ್ರೀಯ ನಿಯಮ ಇದೆ, ಕುದುರೆ ಎರಡನೇ ಸಲ ಹಾರಲ್ಲ ಅಂದ್ರೆ ಸವಾರ ಔಟ್. ಕುದುರೆಯನ್ನೇ ಬದುಕು ಮಾಡ್ಕೊಂಡಿರೋರು ಎರಡೇ ಸಲಕ್ಕೆ ಸಾಕು ಅಂತಾರೆ, ವಾರಕ್ಕೊಂದು ಸಲ ಕುದುರೆ ಹತ್ತೋ ಮಕ್ಕಳ ಮೀಟ್‌ನಲ್ಲಿ ಮಿತಿನೇ ಇಲ್ಲ!

ಇದನ್ನೆಲ್ಲ ಹೇಳಿದಾಗ ಅಲ್ಲೇ ಇದ್ದ ಒಬ್ಬರು ವಾದ ಹೂಡಿದ್ರು. ಚೀಟಿ ಎತ್ತೋದು ಸಮಾನತೆಗೋಸ್ಕರ ಮೇಡಂ, ಸ್ವಂತ ಕುದುರೆ ತನ್ನಿ ಅಂದ್ರೆ ದುಡ್ಡಿದ್ದೋರೇ ಗೆಲ್ತಾರೆ ಅಂತ. ಮಾತು ಸುಳ್ಳಲ್ಲ. ಪೆಂಟಾಥ್ಲಾನ್‌ನ ಕಲ್ಪನೆಯೇ ಹಾಗಿತ್ತು, ಶತ್ರುಗಳ ನಡುವೆ ಸಿಕ್ಕಿಬಿದ್ದ ಸೈನಿಕ ಸಿಕ್ಕ ಕುದುರೆ ಹತ್ತಿ ಪಾರಾಗಿ ಬರೋದು. ಆದ್ರೆ 1912ರ ಸ್ಟಾಕ್‌ಹೋಮ್‌ನಲ್ಲಿ ಈ ಆಟ ಶುರುವಾದಾಗ ಹತ್ತಿದೋರು ದಿನಾ ಕುದುರೆ ಮೇಲಿರೋ ಸೈನ್ಯದ ಅಧಿಕಾರಿಗಳು, ಆಮೇಲೆ ದೊಡ್ಡ ಜನರಲ್ ಆದ ಅಮೆರಿಕದ ಪ್ಯಾಟನ್ ಅವತ್ತು ಐದನೇ ಸ್ಥಾನ. ನಮ್ಮ ಮಕ್ಕಳಿಗೂ ಅವರಿಗೂ ಎಲ್ಲಿಂದೆಲ್ಲಿಗೆ? ಮಕ್ಕಳ ನಡುವಿನ ಸಮಾನತೆಗೆ ಆ ಕಂದು ಕುದುರೆ ಬೆನ್ನು ಯಾಕೆ ಊದಬೇಕು? ಚೀಟಿನೇ ಎತ್ತಿ, ಬೇಡ ಅನ್ನಲ್ಲ, ಹಿಂದಿನ ದಿನವೇ ಎತ್ತಿ. ಸಂಜೆ ಒಂದು ಗಂಟೆ ಆ ಮಗು ಆ ಕುದುರೆಗೆ ಮೈ ಉಜ್ಜಲಿ, ಹುಲ್ಲು ಹಾಕಲಿ, ನಡೆಸಲಿ. ಜಂಪ್ ಎತ್ತರ ಇಳಿಸಿ. ಇದಕ್ಕೆಲ್ಲ ಯಾವ ಕೋಟಿ ಬೇಕು?

ಒಲಿಂಪಿಕ್ಸ್‌ನೋರು ಮಾಡಿದ್ದಂತೂ ನನಗೆ ಇವತ್ತಿಗೂ ನುಂಗೋಕಾಗಲ್ಲ. ರೂಲ್ ಸರಿ ಮಾಡಿ ಅಂದ್ರೆ ಕುದುರೆಯನ್ನೇ ತೆಗೆದುಬಿಟ್ರು. 2024ರ ಪ್ಯಾರಿಸ್‌ನಲ್ಲಿ ವರ್ಸೈ ಅರಮನೆ ಮುಂದೆ ಕೊನೆ ಸಲ ಪೆಂಟಾಥ್ಲಾನ್ ಕುದುರೆಗಳು ಹಾರಿದ್ದು. 2028ರ ಲಾಸ್ ಏಂಜಲೀಸ್‌ನಿಂದ ಆ ಜಾಗದಲ್ಲಿ ಕಂಬಿ ಹಿಡಿದು ನೇತಾಡಿ ಗೋಡೆ ಹತ್ತೋ ಅಬ್ಸ್ಟಕಲ್ ಓಟ. ನೂರು ವರ್ಷ ದಾಟಿದ ಸಂಬಂಧ. ಕುದುರೆಗೆ ಒಳ್ಳೇದೇ ಆಯ್ತಲ್ಲ ಅಂತ ಕೆಲವರು ನನಗೆ ಹೇಳಿದಾರೆ, ಇರಬಹುದು, ಆದ್ರೆ ತಪ್ಪು ರೂಲ್ ಬರೆದೋರದ್ದು, ಜಾಗ ಕಳ್ಕೊಂಡಿದ್ದು ಕುದುರೆ. ಈಜಿ ಓಡೋ ಮಗುವಿಗೆ ಇನ್ನೊಂದು ಜೀವದ ಮನಸ್ಸು ಓದೋಕೆ ಕಲಿಸೋ ವಿಭಾಗ ಅದೊಂದೇ ಇತ್ತು.

ದಾರಿ ಇಲ್ಲ ಅಂತ ಮಾತ್ರ ಯಾರೂ ಹೇಳ್ಬೇಡಿ. ಬ್ರಿಟನ್ನಿನ ಪೋನಿ ಕ್ಲಬ್‌ನಲ್ಲಿ ಮಕ್ಕಳಿಗೆ ಟೆಟ್ರಾಥ್ಲಾನ್ ಅಂತ ನಡೆಸ್ತಾರೆ, ಶೂಟಿಂಗ್, ಈಜು, ಓಟ, ಸವಾರಿ. ಸವಾರಿಯಲ್ಲಿ ಜಂಪ್ ಜೊತೆ ಇನ್ನೆರಡು ಪರೀಕ್ಷೆ. ಕುದುರೆ ಮೇಲೇ ಕೂತು ಒಂದು ಗೇಟ್ ತೆಗೆದು ದಾಟಿ ಮತ್ತೆ ಹಾಕಬೇಕು. ಇನ್ನೊಂದು ಕಡೆ ಇಳಿದು ಅಡ್ಡಗಂಬ ಸರಿಸಿ, ಕುದುರೆಯನ್ನ ಕೈಯಲ್ಲಿ ನಡೆಸಿಕೊಂಡು ದಾಟಿ, ಕಂಬ ವಾಪಸ್ ಇಟ್ಟು ಹತ್ತಬೇಕು. ಅವಸರದ ಮಗುವಿನ ಪಕ್ಕ ಕುದುರೆ ನಿಲ್ಲಲ್ಲ, ಹೊಡೆಯೋ ಮಗುವಿನ ಪಕ್ಕ ಮೊದಲೇ ನಿಲ್ಲಲ್ಲ. ಹೊಡೆದ್ರೆ ಅಲ್ಲಿ ಸೋಲೇ ಗ್ಯಾರಂಟಿ, ಅದಕ್ಕೇ ನನಗೆ ಆ ರೂಲ್ ಇಷ್ಟ. ಕ್ಯಾಲಿಫೋರ್ನಿಯಾದಲ್ಲಿ 1971ರಲ್ಲಿ ಶುರುವಾದ ರೈಡ್ ಆಂಡ್ ಟೈ ಅಂತ ಇನ್ನೊಂದಿದೆ, ಇಬ್ಬರು ಮನುಷ್ಯರು ಒಂದು ಕುದುರೆ, ಒಬ್ಬರು ಓಡ್ತಾರೆ ಒಬ್ಬರು ಸವಾರಿ ಮಾಡ್ತಾರೆ, ಸ್ವಲ್ಪ ದೂರ ಹೋಗಿ ಕುದುರೆ ಕಟ್ಟಿ ಓಡೋಕೆ ಶುರು, ಹಿಂದೆ ಓಡಿ ಬಂದೋರು ಬಿಚ್ಚಿಕೊಂಡು ಹತ್ತುತ್ತಾರೆ. ಮಧ್ಯೆ ವೆಟ್ ಚೆಕ್ ಇರತ್ತೆ, ಪಾಸಾಗದ ಕುದುರೆ ಮುಂದಕ್ಕೆ ಹೋಗಲ್ಲ.

ಕುದುರೆಗೆ ಸುಸ್ತೆಷ್ಟು ಅಂತ ನಾಡಿ ನೋಡೋಕೆ ವೆಟ್ಟೇ ಬೇಕು ಅಂತಲೂ ಇಲ್ಲ. ದವಡೆ ಮೂಳೆ ಒಳಬದಿಯಲ್ಲಿ ಎರಡು ಬೆರಳು ಇಡಿ, ದಾರದ ಹಾಗೆ ಒಂದು ರಕ್ತನಾಳ ಸಿಗತ್ತೆ, 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿ. ಸುಮ್ಮನೆ ನಿಂತ ಕುದುರೆಗೆ ನಿಮಿಷಕ್ಕೆ 30ರಿಂದ 40. ದೂರ ಓಡೋ ಎಂಡ್ಯೂರೆನ್ಸ್ ರೈಡಿಂಗ್‌ನಲ್ಲಿ 64ಕ್ಕೆ ಇಳಿಯೋವರೆಗೂ ಮುಂದಿನ ಸುತ್ತಿಗೆ ಬಿಡಲ್ಲ. 15 ಸೆಕೆಂಡಿಗೆ 16 ಬಡಿತ, ಯಾವ ವಾಲಂಟಿಯರ್ ಬೇಕಾದ್ರೂ ಎಣಿಸಬಹುದು. ಭಾನುವಾರ ನಾನು ಲಗಾಮು ಹಿಡ್ಕೊಂಡೇ ಎಣಿಸಿದೆ, 64ರ ಹತ್ತಿರಕ್ಕೂ ಇರಲಿಲ್ಲ, ಬೆರಳಿಗೆ ಎಣಿಕೆ ಸಿಗದಷ್ಟು ಜೋರು ಬಡೀತಿತ್ತು.

ಆರ್ಡರ್ ಬಗ್ಗೆನೂ ಹೇಳ್ಬೇಕು. ಒದ್ದೆ ಮೈಯಲ್ಲಿ ಮಕ್ಕಳನ್ನ ಕುದುರೆ ಹತ್ತಿಸಬಾರದು, ತೊಡೆ ಜಾರತ್ತೆ, ಈಜಿ ಸುಸ್ತಾದ ಕೈ ಲಗಾಮು ಎಳೆದು ಜೋತು ಬೀಳತ್ತೆ, ಅದರ ನೋವೆಲ್ಲ ಕುದುರೆ ಬಾಯಿಗೆ. ಬೇಸಿಗೆಯ ಬೆಂಗಳೂರಲ್ಲಿ ಬೆಳಗಿನ ತಂಪಲ್ಲಿ ಸವಾರಿ ಮುಗಿಸಿ, ಕುದುರೆಗೆ ನೀರು ಹುಯ್ದು ಲಾಯಕ್ಕೆ ಕಳಿಸಿ, ಆಮೇಲೆ ಈಜಿಸಿ, ಕೊನೆಗೆ ಓಡಿಸಿ. ಟೈಮ್ ಟೇಬಲ್‌ನಲ್ಲಿ ಎರಡು ಸಾಲು ಆಚೀಚೆ ಮಾಡಿದ್ರೆ ಆಯ್ತು, ಒಂದು ರೂಪಾಯಿ ಖರ್ಚಿಲ್ಲ.

ಆ ಅಪ್ಪನ ಮೇಲೆ ನನಗೆ ಈಗ ಅಷ್ಟು ಸಿಟ್ಟಿಲ್ಲ, ಅವರಿಗೆ ಕುದುರೆ ಗೊತ್ತಿಲ್ಲ. ಮಗಳು ಆಮೇಲೆ ನನ್ನ ಹತ್ರ ಬಂದು "ಆಂಟಿ, ಅದಕ್ಕೆ ನೋವಿತ್ತು ಅಂತ ಯಾರೂ ಹೇಳ್ಲಿಲ್ಲ" ಅಂದ್ಲು. ಗೊತ್ತಿದ್ದೋರ ಮೇಲೆ ಸಿಟ್ಟಿದೆ. ಸೈಸ್‌ಗೆ ಗೊತ್ತಿತ್ತು, ಅವರ ಮಾತು ಕೇಳೋಕೆ ರೂಲ್ ಇರಲಿಲ್ಲ. ನಡೆಸೋರಿಗೆ ಬರೆದು ಕಳಿಸಿದೀನಿ: ಎರಡು ಸಲ ನಿಂತ್ರೆ ಹೊರಗೆ, ವಿಪ್ ಇಲ್ಲ, ಜೀನು ಸವಾರಿಗೆ ಸ್ವಲ್ಪ ಮುಂಚೆ ಮಾತ್ರ, ಪ್ರತಿ ರೌಂಡ್ ಆದ್ಮೇಲೆ ನಾಡಿ, ಸೈಸ್ ಬೇಡ ಅಂದ್ರೆ ಆ ಕುದುರೆ ಅವತ್ತು ಬೇಡ. ಮುಂದಿನ ಮೀಟ್ ಮಳೆಗಾಲ ಮುಗಿದ ಮೇಲಂತೆ. ಇಷ್ಟನ್ನ ಸೇರಿಸಿದ್ರೆ ಖಂಡಿತ ಹೋಗ್ತೀನಿ, ಇಲ್ಲಾಂದ್ರೆ ಇಲ್ಲ ಅಂತಲೂ ಬರೆದಿದೀನಿ.

ನಿಮ್ಮ ಪರಿಚಯದಲ್ಲಿ ಕುದುರೆ ನೋಡೋ ವೆಟ್ ಇದ್ದು, ಭಾನುವಾರ ಅರ್ಧ ದಿನ ಬಿಡುವು ಮಾಡ್ಕೊಳ್ಳೋ ಹಾಗಿದ್ರೆ ಇನ್‌ಬಾಕ್ಸ್ ಮಾಡಿ. ಪೆಟ್ರೋಲ್, ಊಟ ನಂದು.