ಸಾಕಪ್ಪಾ ಸಾಕೆಟ್ಟು

ಎಲೆಕ್ಟ್ರಿಕ್ ಕಾರು ಮನೆಗೆ ಬಂದ ದಿನ ತೆಂಗಿನಕಾಯಿ ಒಡೆದು, ಚಕ್ರದಡಿ ನಿಂಬೆಹಣ್ಣು ಅಪ್ಪಚ್ಚಿಯಾದ ಮೇಲೆ ಮನೆಮಂದಿಯೆಲ್ಲ ಸೇರಿ ಹುಡುಕುವುದು 15 ಆಂಪಿಯರಿನ ಸಾಕೆಟ್ಟನ್ನು. ಅದು ಎಲ್ಲಿರಬಾರದೋ ಅಲ್ಲೇ ಇರುತ್ತದೆ: ಬಚ್ಚಲಲ್ಲಿ, ಗೀಸರಿನ ಪಕ್ಕ. ಅಲ್ಲಿಂದ ಕಿಟಕಿ ಹಾಯಿಸಿ, ತುಳಸಿಕಟ್ಟೆ ಬಳಸಿ, ಪೋರ್ಟಿಕೋವರೆಗೆ ಎಕ್ಸ್‌ಟೆನ್ಶನ್ ಎಳೆಯಲಾಗುತ್ತದೆ. "ಗೀಸರೇ ಓಡತ್ತೆ ಸಾರ್, ಇದ್ಯಾವ ಲೆಕ್ಕ" ಎಂದು ಎಲೆಕ್ಟ್ರಿಷಿಯನ್ ಅಭಯ ಕೊಟ್ಟು ಹೋಗುತ್ತಾನೆ.

ಲೆಕ್ಕ ಇರುವುದೇ ಅಲ್ಲಿ. ಗೀಸರು 20 ನಿಮಿಷ ಕಾದು ಸುಮ್ಮನಾಗುತ್ತದೆ. ಕಾರು ರಾತ್ರಿ ಒಂಬತ್ತಕ್ಕೆ ಕಚ್ಚಿಕೊಂಡರೆ ಬೆಳಗ್ಗೆ ಹಾಲಿನವನು ಬಂದರೂ ಬಿಡುವುದಿಲ್ಲ. ಪ್ಲಗ್ಗಿನ ಪಿನ್ನು ಒಳಗೆ ಸ್ವಲ್ಪವೇ ಸಡಿಲವಿದ್ದು, ಓಮಿನ ಹತ್ತರಲ್ಲೊಂದು ಪಾಲು ತಡೆ ಹುಟ್ಟಿದರೂ ಸಾಕು. 16 ಆಂಪಿಯರ್ ಹರಿಯುವಾಗ ಆ ಒಂದು ಚುಕ್ಕೆಯಲ್ಲಿ 25 ವ್ಯಾಟ್ ಶಾಖ. ರೇಡಿಯೊ ರಿಪೇರಿಯವನ ಸೋಲ್ಡರಿಂಗ್ ಕಡ್ಡಿಯೂ ಇಷ್ಟೇ ವ್ಯಾಟಿನದು. ಅದನ್ನು ಸಾಕೆಟ್ಟಿಗೆ ಚುಚ್ಚಿಟ್ಟು ಹತ್ತು ಗಂಟೆ ಗೊರಕೆ ಹೊಡೆದಂತಾಯಿತು. ಬೆಳಗ್ಗೆ ಪ್ಲಗ್ಗು ಕೀಳಲು ಹೋದರೆ ಸಾಕೆಟ್ಟೂ ಜೊತೆಗೇ ಹೊರಟು ಬರುತ್ತದೆ, ಅಂಚೆಲ್ಲ ಕಾಫಿಪುಡಿ ಬಣ್ಣ. ಸುತ್ತಿಟ್ಟ ಎಕ್ಸ್‌ಟೆನ್ಶನ್ನಿನ ಪಾಡು ಇನ್ನೂ ಕಷ್ಟ: ಒಳಸುತ್ತಿನ ವೈರಿಗೆ ಬಿಸಿ ಬಿಡಲು ಜಾಗವಿಲ್ಲದೆ ಚಕ್ಕುಲಿಯ ಹಾಗೆ ಒಂದಕ್ಕೊಂದು ಅಂಟಿಕೊಳ್ಳುತ್ತದೆ.

ಕಾರಿಗೇ ಅಂತ ಮೀಟರ್ ಬೋರ್ಡಿನಿಂದ ಬೇರೆ ಲೈನು ಎಳೆಸಬೇಕು. 4 ಸ್ಕ್ವೇರ್ ಎಂಎಂ ತಾಮ್ರದ ವೈರು, ಲೋಡ್ ಮೀರಿದರೆ ತಾನೇ ಬೀಳುವ 20 ಆಂಪಿಯರಿನ ಎಂಸಿಬಿ, ಕರೆಂಟು ಸೋರಿದರೆ ಲೈನು ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ, ತುದಿಗೆ ಗಟ್ಟಿ ಹಿಡಿತದ ಹೊಸ ಸಾಕೆಟ್ಟು. "ಎರಡೂವರೆ ಎಂಎಂ ಸಾಕು ಸಾರ್" ಎನ್ನುವ ಮಾತು ಬಂದೇ ಬರುತ್ತದೆ. ಬೋರ್ಡಿನಿಂದ ಕಾರಿಗೆ 30 ಮೀಟರ್ ದೂರವಿದ್ದರೆ ಆ ವೈರಿನಲ್ಲಿ ಹತ್ತು ಗಂಟೆಗೆ ಒಂದು ಯೂನಿಟ್ ಕರೆಂಟು ಗೋಡೆ ಬೆಚ್ಚಗಿಡುವುದಕ್ಕೇ ಖರ್ಚು. ಗೋಡೆಗೇನೂ ಚಳಿಯಾಗಿರುವುದಿಲ್ಲ. ಹೊಸ ಲೈನಿನಲ್ಲೂ ಮೊದಲ ದಿನ, ಚಾರ್ಜಿಗೆ ಹಾಕಿ ಒಂದು ಗಂಟೆ ಬಿಟ್ಟು, ಪ್ಲಗ್ಗನ್ನು ಅಂಗೈ ಹಿಂಬದಿಯಿಂದ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಅಡ್ಡಿಯಿಲ್ಲ, ಕೈ ತಾನಾಗಿ ಹಿಂದೆ ಬಂದರೆ ಅವತ್ತಿಗೆ ಚಾರ್ಜಿಂಗ್ ಮುಗಿಯಿತು.

ಇಷ್ಟೆಲ್ಲ ಆದ ಮೇಲೆ ಚಾರ್ಜರ್ ಡಬ್ಬಿ ಕೆಂಪು ದೀಪ ಮಿನುಗಿಸುತ್ತದೆ. ಅರ್ಥಿಂಗ್ ಸರಿಯಿಲ್ಲವಂತೆ. ಏಪ್ರಿಲ್ ಬಿಸಿಲಿಗೆ ಅರ್ಥಿಂಗ್ ಗುಂಡಿ ಒಣಗಿ ಬಿರುಕು ಬಿಟ್ಟಿರುತ್ತದೆ. ಎರಡು ಬಿಂದಿಗೆ ನೀರು ಸುರಿದು ಸ್ವಲ್ಪ ಹೊತ್ತು ಕಾದರೆ ಎಷ್ಟೋ ಸಲ ದೀಪ ಹಸಿರಾಗುತ್ತದೆ. ಬೆಳ್ಳಂಬೆಳಗ್ಗೆ ಗಂಡಸರು ಬಿಂದಿಗೆ ಹಿಡಿದು ಕಾಂಪೌಂಡಿನ ಮೂಲೆಗೆ ಹೋಗುವುದನ್ನು ಕಂಡ ಎದುರುಮನೆಯವರು ಯಾವ ವ್ರತವೆಂದು ವಿಚಾರಿಸಿದರೆ ಬೇಸರ ಬೇಡ. ನ್ಯೂಟ್ರಲ್ಲಿಗೂ ಅರ್ಥಿಗೂ ನಡುವೆ ಮಲ್ಟಿಮೀಟರ್ ಇಟ್ಟಾಗ ಎರಡು ಮೂರು ವೋಲ್ಟ್ ಬಂದರೆ ಸರಿ. ಹತ್ತಿಪ್ಪತ್ತು ಬಂದರೆ ಗುಂಡಿ ಅಗೆಸಿ ಉಪ್ಪು, ಇದ್ದಿಲು ಹೊಸದಾಗಿ ತುಂಬಿಸಬೇಕು. ಕೆಲವರು ಇಷ್ಟೆಲ್ಲ ರಗಳೆ ಯಾಕೆಂದು ಸಾಕೆಟ್ಟಿನೊಳಗೇ ನ್ಯೂಟ್ರಲ್ಲನ್ನೂ ಅರ್ಥನ್ನೂ ಒಂದು ತುಂಡು ವೈರಿನಿಂದ ಗಂಟು ಹಾಕಿ ದೀಪ ಹಸಿರು ಮಾಡಿ ಕೊಡುತ್ತಾರೆ. ಇದರಲ್ಲಿ ತಮಾಷೆ ಏನೂ ಇಲ್ಲ. ಮುಂದೊಂದು ದಿನ ನ್ಯೂಟ್ರಲ್ ಕಡಿದರೆ ಕಾರಿನ ಮೈಯೆಲ್ಲ ಕರೆಂಟು.

ಇನ್ನು ವೇಗ. ಮನೆಯ ಸಾಕೆಟ್ಟು ಕೊಡುವುದು ಹೆಚ್ಚೆಂದರೆ 3.3 ಕಿಲೋವ್ಯಾಟ್, ಸಂಜೆ ವೋಲ್ಟೇಜ್ ಇಳಿದಾಗ ಇನ್ನೂ ಕಮ್ಮಿ. 40 ಯೂನಿಟ್ಟಿನ ಬ್ಯಾಟರಿಯನ್ನು ಹತ್ತು ಪರ್ಸೆಂಟಿನಿಂದ ಎಂಬತ್ತಕ್ಕೇರಿಸಲು ಹತ್ತು ಗಂಟೆ ಹಿಡಿಯುತ್ತದೆ. ಗೋಡೆಗೆ ಕೂರಿಸುವ 7.2 ಕಿಲೋವ್ಯಾಟಿನ ಚಾರ್ಜರಿನಲ್ಲಿ, ಅಂದರೆ ವಾಲ್ ಬಾಕ್ಸಿನಲ್ಲಿ, ನಾಲ್ಕೂವರೆ ಗಂಟೆ, ಪೋಲೂ ಕಮ್ಮಿ: ಚಾರ್ಜ್ ಆಗುವಷ್ಟು ಹೊತ್ತೂ ಕಾರಿನ ಕಂಪ್ಯೂಟರು, ಪಂಪು ಎಚ್ಚರವಾಗಿದ್ದು ತಮ್ಮ ಪಾಲು ಕುಡಿಯುತ್ತಲೇ ಇರುತ್ತವೆ, ಬೇಗ ಮುಗಿದರೆ ಬೇಗ ಮಲಗುತ್ತವೆ. ಆದರೆ ಕಾರಿನೊಳಗಿನ ಚಾರ್ಜರೇ 3.3ರದ್ದಾದರೆ ಗೋಡೆಗೆ 7.2ರ ಬಾಕ್ಸು ಬರೀ ಅಲಂಕಾರ. ಬೆಸ್ಕಾಂನಿಂದ 3 ಕಿಲೋವ್ಯಾಟ್ ಲೋಡ್ ಮಂಜೂರಾದ ಮನೆಯಲ್ಲಿ, ಲೋಡ್ ಹೆಚ್ಚಿಸಿಕೊಳ್ಳದೆ ಅದನ್ನು ಹಾಕಿದರೆ, ಯಾರೋ ಇಸ್ತ್ರಿಪೆಟ್ಟಿಗೆ ಹಚ್ಚಿದ ಗಳಿಗೆಗೆ ಮನೆಯೇ ಕತ್ತಲೆ. ಮನೆ ಸಾಕೆಟ್ಟಿನಲ್ಲಿ ಚಾರ್ಜಿಗೆ ಹಾಕಿ ಒಳಗೆ ಎಸಿ ಬಿಟ್ಟುಕೊಂಡು ಕೂತು ಫೋನಿನಲ್ಲಿ ಮಾತಾಡುವವರೂ ಇದ್ದಾರೆ. ಬರುವ ಮೂರು ಕಿಲೋವ್ಯಾಟಿನಲ್ಲಿ ಒಂದನ್ನು ಎಸಿಯೇ ನುಂಗುತ್ತದೆ. ಹೆಂಡತಿಯ ತಮ್ಮನ ಜೊತೆ ಮಾತು ಮುಗಿಯುತ್ತದೆ, ಪರ್ಸೆಂಟು ಮಾತ್ರ ಅಲ್ಲಲ್ಲೇ.

ಹೆದ್ದಾರಿಯ ಫಾಸ್ಟ್ ಚಾರ್ಜರಿನ ಮೇಲೆ ದೊಡ್ಡದಾಗಿ 60 ಕಿಲೋವ್ಯಾಟ್ ಎಂದಿರುತ್ತದೆ, ಸ್ಕ್ರೀನಿನಲ್ಲಿ 28. ಮೋಸ ಅಂತ ಸೆಕ್ಯುರಿಟಿಯವನ ಮೇಲೆ ರೇಗುವ ಮೊದಲು ಪಕ್ಕದ ಗನ್ನು, ಅಂದರೆ ಕಾರಿಗೆ ಚುಚ್ಚುವ ಕೇಬಲ್ಲಿನ ಹಿಡಿ, ನೋಡಬೇಕು. ಅಲ್ಲಿ ಇನ್ನೊಂದು ಕಾರು ನಿಂತಿದ್ದರೆ 60 ಇಬ್ಬರಿಗೂ ಹಂಚಿಹೋಗಿದೆ. ಯಾರೂ ಇಲ್ಲದಿದ್ದರೆ ಕಾರಿನ ಮಿತಿಯೇ ಅಷ್ಟಿರಬಹುದು, ಬಿಸಿಲಲ್ಲಿ ನೂರಿಪ್ಪತ್ತರಲ್ಲಿ ಓಡಿಸಿದ ಬ್ಯಾಟರಿ ಕಾದಿರಬಹುದು, ಇಲ್ಲವೇ ಹೊಟ್ಟೆ ತುಂಬಿರಬಹುದು. ಮದುವೆ ಊಟದಂತೆಯೇ ಇದು. ಅನ್ನ ಸಾರು ಸರಸರ ಇಳಿಯುತ್ತದೆ. ಹೋಳಿಗೆ ಮುಗಿಸಿ ಮೊಸರನ್ನಕ್ಕೆ ಬರುವಾಗ ಬಡಿಸುವವರು ಎಷ್ಟು ಉಪಚಾರ ಮಾಡಿದರೂ ಕೈ ನಿಧಾನ. ಹತ್ತರಿಂದ ಎಂಬತ್ತಕ್ಕೆ ಮುಕ್ಕಾಲು ಗಂಟೆಯಾದರೆ ಉಳಿದ ಇಪ್ಪತ್ತಕ್ಕೂ ಹೆಚ್ಚುಕಮ್ಮಿ ಅಷ್ಟೇ ಹೊತ್ತು. ಮಂಗಳೂರಿಗೆ ಹೊರಟವರು ಸಕಲೇಶಪುರದಲ್ಲಿ ಕೂತು ನೂರಕ್ಕೆ ತುಂಬಿಸುವುದಂತೂ ದಂಡ. ಶಿರಾಡಿ ಇಳಿಯುವಾಗ ಕಾರೇ ಕರೆಂಟು ಮಾಡಿ ಬ್ಯಾಟರಿಗೆ ಕಳಿಸುತ್ತದೆ, ತುಂಬಿದ ಬ್ಯಾಟರಿಯಲ್ಲಿ ಅದಕ್ಕೆ ಜಾಗವಿರುವುದಿಲ್ಲ.

ಚಾರ್ಜರು ಸತ್ತೇಹೋಗಿದೆ ಎನಿಸಿದರೆ ಅದರ ಮೈಮೇಲಿನ ದಪ್ಪ ಕೆಂಪು ಗುಂಡಿ ನೋಡಿ. ತುರ್ತಿಗೆ ಇಟ್ಟದ್ದು. ಹಿಂದಿನವರು ಅದೇ ಸ್ವಿಚ್ಚೆಂದು ಒತ್ತಿ ಆಫ್ ಮಾಡಿ ಹೋಗಿರುತ್ತಾರೆ. ಬಲಕ್ಕೆ ತಿರುವಿದರೆ ಟಕ್ಕೆಂದು ಹೊರಬರುತ್ತದೆ. ಗನ್ನು ಹಾಕುವಾಗಲೂ ಕೇಬಲ್ಲಿನ ಭಾರಕ್ಕೆ ಅದು ಜೋತುಬಿದ್ದು ಸಂಪರ್ಕ ತಪ್ಪುವುದುಂಟು. ಲಾಕ್ ಬೀಳುವ ಸದ್ದು ಕೇಳುವವರೆಗೆ ಕೆಳಗಿನಿಂದ ಕೈ ಕೊಟ್ಟು ಎತ್ತಿ ಹಿಡಿದಿರಬೇಕು.

ಎಲ್ಲ ಮುಗಿದ ಮೇಲೆ ಗನ್ನು ಬರುವುದಿಲ್ಲ. ಬಂಪರಿಗೆ ಕಾಲು ಕೊಟ್ಟು ಎಳೆದರೆ ಬಂಪರು ಬರಬಹುದು, ಗನ್ನಲ್ಲ. ಕೀಲಿಯ ಅನ್‌ಲಾಕ್ ಗುಂಡಿ ಒತ್ತಿ, ಗನ್ನನ್ನು ಒಂದು ಚೂರು ಒಳಕ್ಕೆ ತಳ್ಳಿ, ಆಮೇಲೆ ನೇರ ಎಳೆಯಬೇಕು. ಅದಕ್ಕೂ ಜಗ್ಗದಿದ್ದರೆ ಬಹಳಷ್ಟು ಕಾರುಗಳಲ್ಲಿ ಬಾನೆಟ್ಟಿನಡಿಯೋ ಡಿಕ್ಕಿಯಲ್ಲೋ ಬಿಡಿಸುವ ಒಂದು ಸಣ್ಣ ಹಗ್ಗವಿರುತ್ತದೆ. ಎಲ್ಲಿ ಎಂಬುದನ್ನು ಕಾರಿನ ಪುಸ್ತಕದಲ್ಲಿ ಚಿತ್ರ ಸಮೇತ ಬರೆದಿದ್ದಾರೆ. ಪುಸ್ತಕ ಗ್ಲೋವ್ ಬಾಕ್ಸಿನಲ್ಲಿದೆ, ಪೂಜೆಯ ದಿನದ ಕುಂಕುಮ ಹಚ್ಚಿಕೊಂಡು, ಪ್ಲಾಸ್ಟಿಕ್ ಕವರು ಕೂಡ ಬಿಚ್ಚದೆ.