ಎಂಟು ಕಲೆಗಳ ತಪ್ಪು

ಮಗಳ ವಿಜ್ಞಾನ ಪುಸ್ತಕದಲ್ಲಿ ಗ್ರಹಗಳ ಕಕ್ಷೆಯನ್ನು ಸೌತೆಕಾಯಿಯಂತೆ ಉದ್ದಕ್ಕೆ ಎಳೆದು ಬರೆದಿದ್ದಾರೆ. ಕಕ್ಷೆ ವೃತ್ತವಲ್ಲ, ಚಪ್ಪಟೆಯಾದ ದೀರ್ಘವೃತ್ತ ಎಂದು ಇಷ್ಟು ಸ್ಪಷ್ಟವಾಗಿ ಕಾಣುವುದನ್ನು ಕಂಡುಹಿಡಿಯಲು ಜರ್ಮನಿಯ ಖಗೋಳಜ್ಞ ಕೆಪ್ಲರ್ ವರ್ಷಗಟ್ಟಲೆ ಏಕೆ ಒದ್ದಾಡಿದ ಎಂದು ಅವಳು ಕೇಳಿದಾಗ, ತಪ್ಪು ಚಿತ್ರದ್ದೇ ಎನ್ನಬೇಕಾಯಿತು. ಮಂಗಳನ ಕಕ್ಷೆಯನ್ನು ಸರಿಯಾದ ಪ್ರಮಾಣದಲ್ಲಿ ಒಂದು ಮೀಟರ್ ಉದ್ದಕ್ಕೆ ಬರೆದರೆ, ಅಗಲ ಕಡಿಮೆಯಾಗುವುದು ಸುಮಾರು 4 ಮಿಲಿಮೀಟರ್ ಮಾತ್ರ. ನೋಡಿದವರೆಲ್ಲ ಅದನ್ನು ವೃತ್ತವೆಂದೇ ಹೇಳುತ್ತಾರೆ.

ಆ 4 ಮಿಲಿಮೀಟರ್ ಸಿಕ್ಕಿದ್ದು ಡೆನ್ಮಾರ್ಕಿನ ಖಗೋಳಜ್ಞ ಟೈಕೋ ಬ್ರಾಹೆಯ ಅಳತೆಗಳಿಂದ. ದೂರದರ್ಶಕವಿಲ್ಲದ ಕಾಲದಲ್ಲಿ, ಡೆನ್ಮಾರ್ಕಿನ ದೊರೆ ಕೊಟ್ಟ ವೆನ್ ದ್ವೀಪದಲ್ಲಿ, ಗೋಡೆಗೆ ಕೂರಿಸಿದ ಆಳೆತ್ತರದ ಕೋನಮಾಪಕದಂಥ ಉಪಕರಣಗಳಿಂದ ಅವನು ಇಪ್ಪತ್ತು ವರ್ಷ ಆಕಾಶವನ್ನು ಅಳೆದಿದ್ದ. 1600ರಲ್ಲಿ ಪ್ರಾಗ್ ಬಳಿ ಅವನನ್ನು ಸೇರಿಕೊಂಡ ಕೆಪ್ಲರನಿಗೆ ಮಂಗಳನ ಲೆಕ್ಕ ಪಾಲಿಗೆ ಬಂತು. ವೃತ್ತವನ್ನೇ ನಂಬಿ, ಕನಿಷ್ಠ ಎಪ್ಪತ್ತು ಸಲ ಲೆಕ್ಕ ತಿರುವಿಹಾಕಿ, ಕೆಲವು ಸ್ಥಾನಗಳನ್ನು 2 ಕಲೆಗಳ ಒಳಗೆ ಹೊಂದಿಸಿದ. (ನಮ್ಮ ಪಂಚಾಂಗದವರು ಇಂದಿಗೂ ಬಳಸುವ ಕಲೆ, ಅಂದರೆ ಡಿಗ್ರಿಯ ಅರವತ್ತರಲ್ಲೊಂದು ಪಾಲು.) ಬೇರೆ ಸ್ಥಾನಗಳಲ್ಲಿ ಪರೀಕ್ಷಿಸಿದರೆ 8 ಕಲೆಗಳ ತಪ್ಪು ಕಂಡಿತು. ಹುಣ್ಣಿಮೆ ಚಂದ್ರನ ಅಗಲದ ಕಾಲು ಭಾಗ ಅಷ್ಟೆ.

ಪ್ರಾಚೀನ ಗ್ರೀಕ್ ಖಗೋಳಜ್ಞ ಟಾಲೆಮಿಯ ಕಾಲದ ಅಳತೆಯಾಗಿದ್ದರೆ 10 ಕಲೆಗಳವರೆಗಿನ ವ್ಯತ್ಯಾಸವನ್ನು ಯಾರೂ ಲೆಕ್ಕಕ್ಕಿಡುತ್ತಿರಲಿಲ್ಲ. ಕೆಪ್ಲರನೂ ನೋಡಿದವನ ಕಣ್ಣು ತಪ್ಪಿರಬೇಕು ಎಂದು ಕೈತೊಳೆದುಕೊಳ್ಳಬಹುದಿತ್ತು. ಆದರೆ ಟೈಕೋ ಅಷ್ಟು ತಪ್ಪು ಮಾಡುವವನಲ್ಲ ಎಂದು ನಂಬಿ, ತನ್ನದೇ ಬೆವರಿನ ಲೆಕ್ಕವನ್ನು ಬದಿಗಿಟ್ಟ. ಆಮೇಲೆ ದೊರೆತ ದೀರ್ಘವೃತ್ತಕ್ಕಿಂತ ಈ ನಿರ್ಧಾರವೇ ದೊಡ್ಡದೆಂದು ನನಗೆ ಅನ್ನಿಸುತ್ತದೆ.

ಹಾಗೆಂದು ಇಬ್ಬರದು ಗುರುಶಿಷ್ಯರ ವಾತ್ಸಲ್ಯವೇನೂ ಆಗಿರಲಿಲ್ಲ. ಟೈಕೋ ತನ್ನ ಅಂಕಿಗಳನ್ನು ಚಿಟಿಕೆ ಚಿಟಿಕೆಯಾಗಿಯೇ ಕೊಡುತ್ತಿದ್ದ. 1601ರಲ್ಲಿ ಅವನು ತೀರಿಕೊಂಡಾಗ, ವಾರಸುದಾರರು ಎಚ್ಚೆತ್ತುಕೊಳ್ಳುವ ಮೊದಲೇ ಕೆಪ್ಲರ್ ಆ ದಾಖಲೆಗಳನ್ನು ವಶಕ್ಕೆ ತೆಗೆದುಕೊಂಡ. ಮುಂದೆ ಅದನ್ನು ಪತ್ರವೊಂದರಲ್ಲಿ ತಾನೇ ಒಪ್ಪಿಕೊಂಡಿದ್ದಾನೆ. ಮೊಟ್ಟೆಯಾಕಾರದ ಕಕ್ಷೆಯೊಡನೆ ಬಹುಕಾಲ ಹೆಣಗಾಡಿ 1605ರಲ್ಲಿ ದೀರ್ಘವೃತ್ತಕ್ಕೆ ಬಂದ. ಆದರೆ ಅದೇ ವಾರಸುದಾರರ ತಕರಾರಿನಿಂದ ತಡವಾಗಿ, ಪುಸ್ತಕ ಹೊರಬಂದದ್ದು 1609ರಲ್ಲಿ.

ಅದೇ ವರ್ಷ ಗೆಲಿಲಿಯೋ ದೂರದರ್ಶಕವನ್ನು ಆಕಾಶಕ್ಕೆ ತಿರುಗಿಸಿದ. ಕೆಪ್ಲರನೊಡನೆ ಪತ್ರವ್ಯವಹಾರವಿದ್ದ ಆತ, 1632ರ ತನ್ನ ಪ್ರಸಿದ್ಧ ಸಂವಾದಗ್ರಂಥದಲ್ಲೂ ಗ್ರಹಗಳನ್ನು ವೃತ್ತಗಳಲ್ಲೇ ಸುತ್ತಿಸಿದ.